ಯಾರ ನೀರು, ಯಾರ ಬಟ್ಟಲು?

ತಪಸ್ಸುಕಾಲದ ಶುಕ್ರವಾರ ಮಾಂಸ ವರ್ಜ್ಯ; ಮರುವಾಯಿಗೆ ತಡೆಯಿಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ಅಂದು ಸುಕ್ಕದ ಪರಿಮಳ. (ಇದು ತ್ಯಾಗವೇ ಎಂಬುದನ್ನು ನಿಮ್ಮ ಮನಸ್ಸಾಕ್ಷಿಗೇ ಬಿಟ್ಟಿದ್ದೇನೆ.) ನನ್ನ ಪ್ರಶ್ನೆ ಬೇರೆ.

ನೀವು ಅಳಿವೆಯ ದಡದಲ್ಲಿದ್ದು, ಮನೆಯ ಊಟಕ್ಕೆಂದು ಸಿಂಪಿ ಬೆಳೆಸುತ್ತೀರಿ ಎನ್ನೋಣ. ಖಾಲಿ ಚಿಪ್ಪುಗಳನ್ನು ಹಗ್ಗಕ್ಕೆ ಪೋಣಿಸಿ ನೀರಿಗೆ ಇಳಿಬಿಟ್ಟರೆ ಮರಿಗಳು ತಾವೇ ಬಂದು ಅಂಟಿಕೊಳ್ಳುತ್ತವೆ. ಮೇವು ಹಾಕಬೇಕಿಲ್ಲ. ಗಂಟೆಗೆ ಲೀಟರುಗಟ್ಟಲೆ ನೀರು ಸೋಸಿ, ಅದರಲ್ಲಿರುವುದನ್ನೇ ತಿಂದು 7-8 ತಿಂಗಳಲ್ಲಿ ಅಡುಗೆಗೆ ಬರುತ್ತವೆ. ಮರುವಾಯಿ ಬದುಕುವುದೂ ಹೀಗೆಯೇ. ಕಿತ್ತ ಬಳಿಕ ಒಂದೆರಡು ದಿನ ಶುದ್ಧ ಉಪ್ಪುನೀರಿನಲ್ಲಿಟ್ಟು ಚೆನ್ನಾಗಿ ಬೇಯಿಸಿದರೆ ಕೆಸರು, ರೋಗಾಣು ಬಹುಮಟ್ಟಿಗೆ ಕಳೆಯುತ್ತವೆ. ಸೀಸ, ಕ್ಯಾಡ್ಮಿಯಂ ಮಾತ್ರ ಮಾಂಸದಲ್ಲೇ ಉಳಿಯುತ್ತವೆ.

ಈಗ ಹೇಳಿ, ಬಚ್ಚಲ ನೀರನ್ನು, ಹಳೆಯ ಬ್ಯಾಟರಿಯನ್ನು ಹೊಳೆಗೆ ಬಿಟ್ಟದ್ದನ್ನು ಎಂದಾದರೂ ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೀರಾ? ನಾನಂತೂ ಇಲ್ಲ. ಸ್ವಂತ ಹಗ್ಗ ಇಳಿಬಿಟ್ಟ ದಿನ ಮೇಲಿನ ಮನೆಯವರ ಕೊಳವೆ ತಟ್ಟನೆ ಕಣ್ಣಿಗೆ ಬೀಳುತ್ತದೆ, ಜಗಳಕ್ಕೂ ಹೊರಡುತ್ತೇವೆ. ನಮ್ಮ ಕೊಳವೆ ಎಲ್ಲಿಗೆ ಸುರಿಯುತ್ತಿದೆಯೆಂದು ನೋಡಲು ದಡ ಇಳಿಯುವುದಿಲ್ಲ. ಕೆಳಗೆ, ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಮರುವಾಯಿ ಹೆಕ್ಕುವ ಹೆಂಗಸಿಗೆ ಅದು ಎಂದೋ ಕಂಡಿದೆ.