ಯತೀಮರನ್ನು ನೋಡಲು ಹೋಗುವ ಮುನ್ನ

ಬೈಂದೂರು ಕಡೆಯ ಒಬ್ಬ ಯುವಕ ಗಲ್ಫಿನಿಂದ ರಜೆಯಲ್ಲಿ ಊರಿಗೆ ಬಂದಿದ್ದ. ಮದ್ರಸದಲ್ಲಿ ನನ್ನ ಬಳಿ ಕಲಿತವನು. ಅಸರ್ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ಕುಳಿತಾಗ ಮೊಬೈಲ್ ತೆಗೆದು ಕೆಲವು ಚಿತ್ರಗಳನ್ನು ತೋರಿಸಿದ. ಸಂಗಡಿಗರೊಂದಿಗೆ ಸೇವಾ ತಂಡವೊಂದರಲ್ಲಿ ಸೇರಿ ಆಫ್ರಿಕದ ಒಂದು ದೇಶಕ್ಕೆ ಹೋಗಿ ಬಂದಿದ್ದನಂತೆ. ಒಂದೇ ವಾರದಲ್ಲಿ ಮೂರು ಅನಾಥಾಲಯಗಳನ್ನು ಸಂದರ್ಶಿಸಿ, ಮಕ್ಕಳಿಗೆ ಬಟ್ಟೆ, ಪುಸ್ತಕ, ಸಿಹಿತಿಂಡಿ ಹಂಚಿದ್ದರು.

"ಉಸ್ತಾದ್, ವಿಮಾನದ ಟಿಕೆಟ್ಟಿಗೇ ಬಹಳ ಖರ್ಚಾಯಿತು. ಆದರೆ ಆ ಮಕ್ಕಳು ನಮ್ಮ ಕೈ ಹಿಡಿದವರು ಬಿಡಲೇ ಇಲ್ಲ. ನಾವು ಹೊರಡುವಾಗ ಅತ್ತರು. ಇದಕ್ಕೆ ಅಲ್ಲಾಹನ ಬಳಿ ಪ್ರತಿಫಲ ಇದ್ದೇ ಇರುತ್ತದಲ್ಲವೇ?" ಎಂದು ಕೇಳಿದ.

"ಇನ್‌ಶಾ ಅಲ್ಲಾಹ್" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗಲಿಲ್ಲ. ಅವನ ಮನಸ್ಸು ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ಅತ್ತ ಮಕ್ಕಳ ಮಾತು ಕೇಳಿದಾಗ ನನಗೆ ಬೇರೊಂದು ಮಗುವಿನ ನೆನಪಾಯಿತು. ಅದನ್ನು ಇಲ್ಲಿ ಹೇಳಿಕೊಳ್ಳದೆ ಮುಂದಿನ ಮಾತು ಹೇಳುವ ಹಕ್ಕು ನನಗಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಮೊಹಲ್ಲಾದ ಒಬ್ಬ ವಿಧವೆ ತನ್ನ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದರು. ಗಂಡ ಮೀನುಗಾರಿಕೆಯ ದೋಣಿಯಲ್ಲಿ ದುಡಿಯುತ್ತಿದ್ದವರು, ತೀರಿಕೊಂಡಿದ್ದರು. ಆಕೆ ಬೀಡಿ ಕಟ್ಟಿ ಮೂವರು ಮಕ್ಕಳನ್ನು ಸಾಕುತ್ತಿದ್ದರು. ಹುಡುಗನನ್ನು ದೂರದ ಯತೀಂಖಾನಕ್ಕೆ ಸೇರಿಸಲು ಒಂದು ಪತ್ರ ಬೇಕಿತ್ತು. ನಾನು ಅಲ್ಲೇ ಕುಳಿತು ಬರೆದುಕೊಟ್ಟೆ. ಹುಡುಗ ಬಾಗಿಲಿನ ಬಳಿ ನಿಂತಿದ್ದ. ಅವನನ್ನು ಏನೂ ಕೇಳಲಿಲ್ಲ. ತಾಯಿಯನ್ನೂ ಕೇಳಲಿಲ್ಲ. ಒಂದು ಪುಣ್ಯದ ಕೆಲಸ ಮಾಡಿದೆನೆಂಬ ಸಮಾಧಾನದಿಂದ ಮನೆಗೆ ಹೋದೆ.

ಮರುವರ್ಷ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಕೆಲವು ಯುವಕರು ಸೇರಿ ಅದೇ ಯತೀಂಖಾನಕ್ಕೆ ಒಂದು ಭೇಟಿಯನ್ನು ಏರ್ಪಡಿಸಿದರು. ನಾನೂ ಜೊತೆಗಿದ್ದೆ. ವ್ಯಾನು ಮಾಡಿದೆವು, ಬ್ಯಾನರ್ ಬರೆಸಿದೆವು, ಬಿರಿಯಾನಿಗೆ ವ್ಯವಸ್ಥೆ ಮಾಡಿದೆವು. ಮಕ್ಕಳು ಸಾಲಾಗಿ ನಿಂತು ಸ್ವಾಗತದ ಹಾಡು ಹೇಳಿದರು. ಒಬ್ಬೊಬ್ಬರೇ ಮುಂದೆ ಬಂದು ಬಟ್ಟೆಯ ಪೊಟ್ಟಣ ಪಡೆದರು. ಆ ಹುಡುಗನ ಸರದಿ ಬಂದಾಗ ಫೋಟೋ ಸರಿಯಾಗಿ ಬೀಳಲಿಲ್ಲವೆಂದು ಪೊಟ್ಟಣವನ್ನು ಹಿಂದಕ್ಕೆ ಪಡೆದು ಮತ್ತೊಮ್ಮೆ ಕೊಡಲಾಯಿತು. ಕೊಟ್ಟವನು ನಾನೇ. ಅವನು ಪೊಟ್ಟಣದ ಕಡೆ ನೋಡಲಿಲ್ಲ. ನನ್ನ ಬೆನ್ನ ಹಿಂದಿನ ವ್ಯಾನಿನತ್ತ ನೋಡುತ್ತಾ, "ಉಸ್ತಾದ್, ಉಮ್ಮ ಬಂದಿದ್ದಾರಾ?" ಎಂದು ಕೇಳಿದ.

ವ್ಯಾನಿನಲ್ಲಿ ಎರಡು ಸೀಟುಗಳು ಖಾಲಿಯಿದ್ದವು. ಆ ತಾಯಿಯನ್ನು ಕರೆದುಕೊಂಡು ಹೋಗಬೇಕೆಂದು ನಮ್ಮಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಯತೀಮರನ್ನು ನೋಡಲು ಹೋಗುವ ನಾವು ನಿಜವಾಗಿ ಯಾರಿಗಾಗಿ ಹೋಗುತ್ತೇವೆ?

ಪವಿತ್ರ ಕುರ್‌ಆನ್ ಯತೀಮರ ಬಗ್ಗೆ ಮತ್ತೆ ಮತ್ತೆ ಮಾತನಾಡುತ್ತದೆ. ಅವರ ಸೊತ್ತನ್ನು ಕಬಳಿಸುವವರನ್ನು ಕಟುವಾಗಿ ಎಚ್ಚರಿಸುತ್ತದೆ. ಅವರನ್ನು ಗದರಿಸಬಾರದೆನ್ನುತ್ತದೆ. ಆದರೆ ಅಲ್ ಫಜ್ರ್ ಅಧ್ಯಾಯದ 17ನೇ ಸೂಕ್ತದಲ್ಲಿ ಅಲ್ಲಾಹನು ಜನರ ಮೇಲೆ ಹೊರಿಸುವ ಆರೋಪವನ್ನು ಗಮನಿಸಿರಿ. ಯತೀಮನನ್ನು ನೀವು ಆದರಿಸುವುದಿಲ್ಲ ಎಂಬುದೇ ಆ ಆರೋಪ. ಬಡವರಿಗೆ ಉಣಿಸುವ ವಿಷಯ ಅದರ ನಂತರದ ಸೂಕ್ತದಲ್ಲಿ ಪ್ರತ್ಯೇಕವಾಗಿ ಬರುತ್ತದೆ. ಯತೀಮನ ವಿಷಯದಲ್ಲಿ ಅಲ್ಲಿ ಬಳಸಲಾದ ಪದ 'ಇಕ್ರಾಮ್' ಮೂಲದ್ದು. ನಾವು ಮನೆಗೆ ಬಂದ ಅತಿಥಿಗೆ ಮಾಡುವುದೂ ಇಕ್ರಾಮೇ. ಅತಿಥಿಯನ್ನು ನಾವು ಸಾಲಿನಲ್ಲಿ ನಿಲ್ಲಿಸುತ್ತೇವೆಯೇ? ಕೊಟ್ಟದ್ದನ್ನು ಹಿಂದಕ್ಕೆ ಪಡೆದು, ಚಿತ್ರ ಚೆನ್ನಾಗಿ ಬರಲೆಂದು ಇನ್ನೊಮ್ಮೆ ಕೊಡುತ್ತೇವೆಯೇ? ಅನ್ನ ಕೊಟ್ಟೂ ಗೌರವ ಕೊಡದಿರಲು ಸಾಧ್ಯವಿದೆ ಎಂಬುದನ್ನು ಈ ಸೂಕ್ತದಿಂದ ನಾನು ಕಲಿತೆ.

ಇಲ್ಲಿ ಕೆಲವರು ಒಂದು ಆಕ್ಷೇಪವೆತ್ತಬಹುದು. ತನ್ನ ಹೃದಯ ಕಠಿಣವಾಗಿದೆಯೆಂದು ದೂರಿಕೊಂಡ ವ್ಯಕ್ತಿಗೆ, ಯತೀಮನ ತಲೆ ಸವರುವಂತೆಯೂ ಬಡವನಿಗೆ ಉಣಿಸುವಂತೆಯೂ ಪ್ರವಾದಿವರ್ಯರು(ಸ) ಉಪದೇಶಿಸಿದ ವರದಿ ಇದೆಯಲ್ಲವೇ? ಹಾಗಿದ್ದರೆ ಯತೀಮರ ಬಳಿಗೆ ಹೋಗಿ ನಮ್ಮ ಹೃದಯವನ್ನು ಮೃದುಗೊಳಿಸಿಕೊಳ್ಳುವುದರಲ್ಲಿ ತಪ್ಪೇನು?

ತಪ್ಪಿಲ್ಲ. ಆದರೆ ಆ ಉಪದೇಶದ ರೀತಿಯನ್ನು ನೋಡಿರಿ. ಆತ ಬಂದದ್ದು ತನ್ನ ಹೃದಯದ ಚಿಂತೆಯಿಂದ. ಪ್ರವಾದಿವರ್ಯರು(ಸ) ಆತನ ಕೈಯನ್ನು ಇನ್ನೊಬ್ಬರ ತಲೆಯ ಕಡೆಗೆ ತಿರುಗಿಸಿದರು. ತನ್ನನ್ನು ಮರೆತು ಆ ಮಗುವಿನ ಕಡೆಗೆ ನೋಡಿದಾಗಲೇ ಔಷಧಿ ಕೆಲಸ ಮಾಡುವುದು. ತಲೆ ಸವರುತ್ತಲೂ ಕಣ್ಣು ಕ್ಯಾಮೆರಾದ ಮೇಲಿದ್ದರೆ ಹೃದಯ ಇದ್ದಲ್ಲೇ ಇರುತ್ತದೆ. ಅಷ್ಟೇ ಅಲ್ಲ, ನನ್ನ ರೋಗಕ್ಕೆ ಮದ್ದು ಬೇಕೆಂದು ಇನ್ನೊಂದು ಮಗುವಿನ ಮನಸ್ಸಿಗೆ ಗಾಯ ಮಾಡುವ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ. ಇಂದು ಕೈ ಹಿಡಿದು ಆಡಿಸಿ ನಾಳೆ ಮರೆಯಾಗುವವನು, ಒಮ್ಮೆ ತಂದೆಯನ್ನು ಕಳೆದುಕೊಂಡ ಮಗುವಿಗೆ ಅಗಲಿಕೆಯ ಪಾಠವನ್ನೇ ಮತ್ತೊಮ್ಮೆ ಕಲಿಸಿ ಹೋಗುತ್ತಾನೆ. ಮುಂದಿನ ತಿಂಗಳು ಇನ್ನೊಂದು ತಂಡ, ಇನ್ನೊಂದು ಬೀಳ್ಕೊಡುಗೆ. ಹೊರಡುವಾಗ ಮಕ್ಕಳು ಅತ್ತದ್ದು ನಮ್ಮ ಸೇವೆಯ ಯಶಸ್ಸಿಗೆ ಸಾಕ್ಷಿಯೆಂದು ನಾವು ಭಾವಿಸುತ್ತೇವೆ. ಅದು ಆ ಮಗುವಿನ ನೋವಿಗೆ ಸಾಕ್ಷಿ.

ಹಾಗಾದರೆ ಪ್ರವಾದಿಯವರ(ಸ) ಮಾದರಿ ಯಾವುದು? ಮದ್ರಸದ ಚಿಕ್ಕ ತರಗತಿಯಲ್ಲೇ ನಮ್ಮ ಮಕ್ಕಳೆಲ್ಲ ಕಲಿಯುವ ಒಂದು ಹದೀಸ್ ಇದೆ. ಊಟ ಮಾಡುವಾಗ ಬಿಸ್ಮಿಲ್ಲಾಹ್ ಹೇಳಬೇಕು, ಬಲಗೈಯಿಂದ ತಿನ್ನಬೇಕು, ತಟ್ಟೆಯಲ್ಲಿ ತನ್ನ ಮುಂದಿರುವುದನ್ನು ತಿನ್ನಬೇಕು. ಈ ಮಾತನ್ನು ಪ್ರವಾದಿವರ್ಯರು(ಸ) ಹೇಳಿದ್ದು ಯಾರಿಗೆ? ಉಮರ್ ಬಿನ್ ಅಬೀ ಸಲಮ(ರ) ಎಂಬ ಹುಡುಗನಿಗೆ. ತಂದೆ ಅಬೂ ಸಲಮ(ರ) ಉಹುದ್ ಯುದ್ಧದ ಗಾಯದಿಂದ ತೀರಿಕೊಂಡಿದ್ದರು. ತಾಯಿ ಉಮ್ಮು ಸಲಮ(ರ) ಪ್ರವಾದಿವರ್ಯರನ್ನು(ಸ) ವಿವಾಹವಾದ ಬಳಿಕ ಆ ಮಕ್ಕಳು ಪ್ರವಾದಿಯವರ(ಸ) ಮನೆಯಲ್ಲೇ ಬೆಳೆದರು. ನಾನು ಈ ಹದೀಸನ್ನು ಎಷ್ಟೋ ವರ್ಷ ಊಟದ ಶಿಷ್ಟಾಚಾರವೆಂದು ಮಾತ್ರ ಕಲಿಸಿದೆ. ಅದರೊಳಗೆ ಒಬ್ಬ ಯತೀಮ್ ಹುಡುಗ ಕುಳಿತಿದ್ದಾನೆಂಬುದನ್ನು ನೋಡಲಿಲ್ಲ. ಅವನು ಸಾಲಿನಲ್ಲಿ ನಿಂತಿಲ್ಲ. ಪ್ರವಾದಿಯವರ(ಸ) ತಟ್ಟೆಗೇ ಕೈ ಹಾಕಿದ್ದಾನೆ. ತಟ್ಟೆಯ ತುಂಬ ಕೈಯಾಡಿಸುವಷ್ಟು ಸಲುಗೆ ಅವನಿಗಿದೆ. ತಂದೆ ತಿದ್ದುವಂತೆ ಅವನನ್ನು ತಿದ್ದಲಾಗಿದೆ.

ಕುರ್‌ಆನ್ ಕೂಡ ಇದೇ ದಾರಿಯನ್ನು ತೋರಿಸುತ್ತದೆ. ಯತೀಮರ ಸೊತ್ತಿನ ಬಗ್ಗೆ ಎಚ್ಚರಿಕೆಯ ಸೂಕ್ತ ಅವತೀರ್ಣವಾದಾಗ ಸಹಾಬಿಗಳು ಭಯಪಟ್ಟು ತಮ್ಮ ಆಶ್ರಯದಲ್ಲಿದ್ದ ಮಕ್ಕಳ ಅಡುಗೆಯನ್ನೇ ಬೇರೆ ಮಾಡಿದರು. ಮಗು ಬಿಟ್ಟ ಅನ್ನ ಯಾರೂ ಮುಟ್ಟದೆ ಹಳಸಿತು. ಆಗ ಅಲ್ ಬಕರ ಅಧ್ಯಾಯದ 220ನೇ ಸೂಕ್ತ ಅವತೀರ್ಣವಾಯಿತು. ಅವರ ಹಿತಕ್ಕಾಗಿ ಅವರನ್ನು ನಿಮ್ಮೊಂದಿಗೆ ಬೆರೆಸಿಕೊಂಡರೆ ಅಡ್ಡಿಯಿಲ್ಲ, ಅವರು ನಿಮ್ಮ ಸಹೋದರರು ಎಂದು ಅದು ತಿಳಿಸಿತು. ಭಯಭಕ್ತಿಯಿಂದ ಮಾಡಿದ ಪ್ರತ್ಯೇಕತೆಯನ್ನೂ ಅಲ್ಲಾಹನು ಮುಂದುವರಿಯಲು ಬಿಡಲಿಲ್ಲ.

ಹಾಗೆಂದು ಯತೀಂಖಾನಗಳ ಸೇವೆಯನ್ನು ಕಡೆಗಣಿಸಲಾದೀತೇ? ಖಂಡಿತ ಇಲ್ಲ. 1921ರ ಮಲಬಾರ್ ಬಂಡಾಯದ ನಂತರ ಅಸಂಖ್ಯ ಮಕ್ಕಳು ದಿಕ್ಕಿಲ್ಲದವರಾದಾಗ, ದೂರದ ಪಂಜಾಬಿನ ಮೌಲಾನಾ ಅಬ್ದುಲ್ ಖಾದಿರ್ ಕಸೂರಿಯವರ ನೇತೃತ್ವದಲ್ಲಿ 1922ರಲ್ಲಿ ಕೋಝಿಕ್ಕೋಡಿನಲ್ಲಿ ಜೆ.ಡಿ.ಟಿ. ಇಸ್ಲಾಮ್ ಅನಾಥಾಲಯ ಆರಂಭವಾಯಿತು. ಭಾಷೆ ಬೇರೆ, ನಾಡು ಬೇರೆ. ಆದರೂ ಅವರು ನೋಡಿ ಹೋಗಲು ಬಂದವರಲ್ಲ. ಅವರು ನೆಟ್ಟ ಸಂಸ್ಥೆ ಶಾಲೆ, ತಾಂತ್ರಿಕ ಶಿಕ್ಷಣಗಳೊಂದಿಗೆ ಬೆಳೆದು ನೂರು ವರ್ಷ ದಾಟಿದೆ. 1943ರಲ್ಲಿ ಕಾಲರಾ ಮಲಬಾರಿನ ಮನೆಗಳನ್ನು ಬರಿದು ಮಾಡಿದಾಗ ತಿರೂರಂಗಾಡಿಯ ಯತೀಂಖಾನ ಹುಟ್ಟಿಕೊಂಡಿತು. ದೂರ ಪ್ರಯಾಣವೇ ತಪ್ಪಲ್ಲ ಎಂಬುದಕ್ಕೆ ಕಸೂರಿಯವರ ಉದಾಹರಣೆ ಸಾಕು. ಹೋದವನು ಅಲ್ಲಿ ಏನನ್ನು ಉಳಿಸಿ ಬಂದ ಎಂಬುದೇ ಪ್ರಶ್ನೆ.

ಅಂದು ಆ ಮಕ್ಕಳಿಗೆ ಹಿಂದಿರುಗಲು ಮನೆಯೇ ಇರಲಿಲ್ಲ. ಇಂದಿನ ಪರಿಸ್ಥಿತಿ ಎಷ್ಟೋ ಕಡೆ ಹಾಗಿಲ್ಲ. ಶರೀಅತ್ತಿನಲ್ಲಿ ಯತೀಮ್ ಎಂದರೆ ಪ್ರಾಯಪ್ರಬುದ್ಧನಾಗುವ ಮುನ್ನ ತಂದೆಯನ್ನು ಕಳೆದುಕೊಂಡವನು. ತಾಯಿ ಜೀವಂತವಿರಬಹುದು, ಅಜ್ಜಿ, ಮಾವ, ಚಿಕ್ಕಪ್ಪ ಇರಬಹುದು. ಮಗು ಮನೆ ಬಿಡುವುದು ಪ್ರೀತಿಸುವವರಿಲ್ಲವೆಂದಲ್ಲ, ಅಕ್ಕಿಗೆ ಹಣವಿಲ್ಲವೆಂದು. ಇತರ ದೇಶಗಳ ಅನುಭವವೂ ಇದೇ. ಕಾಂಬೋಡಿಯದಲ್ಲಿ ವಿದೇಶೀ ಸಂದರ್ಶಕರೂ ದಾನಿಗಳೂ ಹೆಚ್ಚಿದಂತೆ ಅನಾಥಾಲಯಗಳ ಸಂಖ್ಯೆಯೂ ಏರಿತು. ಅಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆ ಅಥವಾ ತಾಯಿ ಜೀವಂತವಿದ್ದರೆಂಬುದು 2011ರ ಅಧ್ಯಯನದಿಂದ ತಿಳಿದುಬಂತು. ನೋಡಲು ಬರುವವರು ಹೆಚ್ಚಾದಲ್ಲಿ ತೋರಿಸಲು ಮಕ್ಕಳೂ ಬೇಕಾಗುತ್ತಾರೆ! ಅನಾಥಾಲಯಗಳಿಗೆ ಹೋಗುವ ಸ್ವಯಂಸೇವಾ ಪ್ರವಾಸಗಳಿಂದ ಮಕ್ಕಳಿಗಾಗುವ ಹಾನಿಯನ್ನು ತಡೆಯುವಂತೆ ವಿಶ್ವಸಂಸ್ಥೆಯ ಮಹಾಸಭೆಯೇ 2019ರ ಡಿಸೆಂಬರಿನಲ್ಲಿ ನಿರ್ಣಯ ಅಂಗೀಕರಿಸಬೇಕಾಯಿತು.

ಇನ್ನು ಚಿತ್ರಗಳ ವಿಷಯ. ಅಲ್ಲಾಹನ ಸಂತೃಪ್ತಿಗಾಗಿ ಬಡವನಿಗೂ ಯತೀಮನಿಗೂ ಕೈದಿಗೂ ಉಣಿಸುವವರು ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸುವುದಿಲ್ಲವೆಂದು ಅದ್ದಹ್ರ್ ಅಧ್ಯಾಯ ಹೇಳುತ್ತದೆ. ನಾವಾದರೋ ಸ್ವಾಗತದ ಹಾಡನ್ನೂ ಧನ್ಯವಾದದ ಭಾಷಣವನ್ನೂ ಸ್ಥಳದಲ್ಲೇ ವಸೂಲು ಮಾಡಿಕೊಂಡು, ಉಳಿದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಪಡೆಯುತ್ತೇವೆ. ಆಖಿರತ್ತಿಗೆ ಏನು ಉಳಿಯಿತು? ನಮ್ಮ ದೇಶದ ಕಾನೂನಿಗೂ ಇದು ಸಮ್ಮತವಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ರಕ್ಷಣೆ, ಪೋಷಣೆಯ ಅಗತ್ಯವಿರುವ ಮಗುವಿನ ಗುರುತು ತಿಳಿಯುವಂತೆ ಹೆಸರು, ವಿಳಾಸ, ಚಿತ್ರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಆದರೆ ದಂಡದ ಭಯಕ್ಕಿಂತ ಮೊದಲು ಒಂದನ್ನು ಯೋಚಿಸೋಣ. ನಾಳೆ ನಾವು ಕಣ್ಣು ಮುಚ್ಚಿದರೆ, ನಮ್ಮ ಮಗ ಬಟ್ಟೆಯ ಪೊಟ್ಟಣ ಹಿಡಿದು ನಿಂತ ಚಿತ್ರ ಊರವರ ಮೊಬೈಲುಗಳಲ್ಲಿ ಓಡಾಡುವುದನ್ನು ನಾವು ಒಪ್ಪುತ್ತೇವೆಯೇ? ಹಿಂದೆ ದುರ್ಬಲ ಸಂತಾನವನ್ನು ಬಿಟ್ಟು ಹೋಗಬೇಕಾದೀತೆಂದು ಅಂಜುವವರು ಅನ್ಯರ ಮಕ್ಕಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಲಿ ಎಂಬುದು ಅನ್ನಿಸಾ ಅಧ್ಯಾಯದ ಉಪದೇಶ.

ಮಾಡಬೇಕಾದ ಕೆಲಸ ನಮ್ಮ ಬಾಗಿಲಲ್ಲೇ ಇದೆ. ಶಿರೂರಿನಿಂದ ಗಂಗೊಳ್ಳಿ, ಕುಂದಾಪುರ, ಬ್ರಹ್ಮಾವರದವರೆಗೆ ಒಂದೊಂದು ಜಮಾಅತ್ ತನ್ನ ಮೊಹಲ್ಲಾದ ಯತೀಮರು ಯಾರು, ಅವರ ಮನೆಯ ಸ್ಥಿತಿ ಹೇಗಿದೆ ಎಂಬುದನ್ನು ಸದ್ದಿಲ್ಲದೆ ತಿಳಿದುಕೊಳ್ಳಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ದಿನಗಳಲ್ಲಿ ದುಡಿಯುವ ಗಂಡಸಿರುವ ಮನೆಗಳಲ್ಲೇ ಬಿಗಿ ಇರುತ್ತದೆ. ತಂದೆಯಿಲ್ಲದ ಮನೆಯ ಗತಿಯೇನು? ವಿಧವೆ ತಾಯಿಯ ಬಳಿಯೇ ಮಗು ಬೆಳೆಯಲೆಂದು ಸರಕಾರದ 'ಮಿಷನ್ ವಾತ್ಸಲ್ಯ' ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಆದಾಯದ ಮಿತಿಗೊಳಪಟ್ಟು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವಕ್ಕೆ ಅವಕಾಶವಿದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಎಷ್ಟು ತಾಯಂದಿರಿಗೆ ಇದು ಗೊತ್ತಿದೆ? ಅರ್ಜಿ ತುಂಬಿಕೊಟ್ಟು, ಕಚೇರಿಗೆ ಜೊತೆಗೆ ಹೋಗುವುದೂ ಸದಕವೇ. ಉಳಿದದ್ದನ್ನು ನಾಲ್ಕು ಮನೆಯವರು ಸೇರಿ ತುಂಬಬಹುದು. ಯಾರೂ ಇಲ್ಲದ ಮಗುವಿಗೆ ಯತೀಂಖಾನ ಬೇಕೇ ಬೇಕು. ಅಂತಹ ಸಂಸ್ಥೆಗೆ ಕೊಡುವಾಗಲೂ ಅದು ನೋಂದಾಯಿತವೇ, ಮಗು ಮನೆಯವರೊಂದಿಗೆ ಮಾತನಾಡಲು, ರಜೆಗೆ ಮನೆಗೆ ಹೋಗಲು ಅವಕಾಶವಿದೆಯೇ ಎಂದು ಕೇಳೋಣ.

ಆ ಯುವಕ ಗಲ್ಫಿಗೆ ಮರಳುವ ಮುನ್ನ ಮತ್ತೆ ಸಿಕ್ಕಿದ. ಅಂದು ಹೇಳಲಾಗದ್ದನ್ನು ಅಂದು ಹೇಳಿದೆ. "ಮಗಾ, ನಿನ್ನ ನಿಯ್ಯತ್ತಿಗೆ ಅಲ್ಲಾಹನು ಪ್ರತಿಫಲ ಕೊಡಲಿ. ಇನ್ನೊಮ್ಮೆ ಹೋಗುವ ಮುಂಚೆ ನಿನ್ನ ಟಿಕೆಟ್ಟಿನ ಹಣದಲ್ಲಿ ಎಷ್ಟು ಮಕ್ಕಳು ತಮ್ಮ ತಾಯಿಯ ಬಳಿ ಎಷ್ಟು ತಿಂಗಳು ಉಳಿಯಬಹುದೆಂದು ಲೆಕ್ಕ ಹಾಕು. ಆಮೇಲೂ ಹೋಗಬೇಕೆನಿಸಿದರೆ, ಮತ್ತೆ ಮತ್ತೆ ಹೋಗಲಾಗುವ ಕಡೆಗೆ ಹೋಗು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ, "ನಮ್ಮ ಕೇರಿಯಲ್ಲಿ ಅಂಥವರು ಯಾರಿದ್ದಾರೆ ಉಸ್ತಾದ್?" ಎಂದು ಕೇಳಿದ.

ನಾನು ಪತ್ರ ಬರೆದುಕೊಟ್ಟ ಹುಡುಗ ಇನ್ನೂ ಆ ಯತೀಂಖಾನದಲ್ಲೇ ಇದ್ದಾನೆ. ಚೆನ್ನಾಗಿ ಓದುತ್ತಿದ್ದಾನೆ. ಅಲ್ಲಿಯವರ ಮೇಲೆ ನನಗೆ ದೂರಿಲ್ಲ. ದೂರಿರುವುದು ನನ್ನ ಮೇಲೆ. ಈಗ ಎರಡು ತಿಂಗಳಿಗೊಮ್ಮೆ ನಮ್ಮಲ್ಲಿ ಒಬ್ಬರು ಅವನ ತಾಯಿಯನ್ನು ಕರೆದುಕೊಂಡು ಹೋಗಿ ಬರುತ್ತೇವೆ. ಬ್ಯಾನರ್ ಇಲ್ಲ, ಬಿರಿಯಾನಿಯೂ ಇಲ್ಲ. ಇನ್ನೊಬ್ಬ ತಾಯಿ ಪತ್ರ ಕೇಳಿ ಬಂದಾಗ ನಾನು ಮೊದಲು ಪೆನ್ನು ತೆಗೆಯಲಿಲ್ಲ. "ಮಗು ನಿಮ್ಮ ಬಳಿಯೇ ಇರಬೇಕಾದರೆ ತಿಂಗಳಿಗೆ ಏನು ಬೇಕಾದೀತು?" ಎಂದು ಕೇಳಿದೆ. ಆಕೆ ಹೇಳಿದ ಮೊತ್ತ, ಮೂರು ಊರಿನವರು ಸೇರಿ ಹೊರಲಾರದಷ್ಟು ದೊಡ್ಡದಾಗಿರಲಿಲ್ಲ.

ಹುಟ್ಟುವ ಮುನ್ನವೇ ತಂದೆಯನ್ನೂ ಆರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳೆದುಕೊಂಡ ಪ್ರವಾದಿವರ್ಯರ(ಸ) ಸಮುದಾಯ ನಾವು. ಯತೀಮನನ್ನು ನೋಡಿ ಬರುವವರಾಗದೆ, ಅವನೊಂದಿಗೆ ಒಂದೇ ತಟ್ಟೆಯಲ್ಲಿ ಉಣ್ಣುವವರಾಗಲು ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.