ಗುತ್ತಿಯ ಬಿಡಾರ ಎಲ್ಲಿ?

ಕುವೆಂಪು ಬೆಳೆದ ಕುಪ್ಪಳಿಯ ಮನೆಯನ್ನು ಉಳಿಸಿದ್ದು ಒಳ್ಳೇದೇ. ಹಾಗೇ ಬಿಟ್ಟಿದ್ರೆ ಮಲೆನಾಡಿನ ಮಳೆ, ಗೆದ್ದಲು ಸೇರಿ ಮುಗಿಸಿಬಿಡ್ತಿದ್ವು. ನನ್ನನ್ನು ಕಾಡೋದು ಬೇರೆ. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮನಸ್ಸಿಗೆ ಅಂಟಿಕೊಳ್ಳೋದು ಜೀತದಾಳು ಗುತ್ತಿ, ಅವನ ತಿಮ್ಮಿ. ಅಂಥವರ ಹುಲ್ಲಿನ ಬಿಡಾರವನ್ನು ಯಾರು ಕಾಪಾಡ್ತಾರೆ? ಮರದ ಕಂಬ ಬಾಳುತ್ತೆ, ಹುಲ್ಲು ಬಾಳಲ್ಲ ಅನ್ನಬಹುದು. ನಿಜ. ಆದರೆ ಹೊಗೆಯಿಲ್ಲದ ಅಡುಗೆಮನೆ, ಆಳುಗಳಿಲ್ಲದ ಅಂಗಳ ನೋಡಿ, ತೊಟ್ಟಿಯಲ್ಲಿ ಫೋಟೋ ತೆಗೆಸ್ಕೊಂಡು, ‘ಎಂಥಾ ಚೆಂದದ ಕಾಲ!’ ಅಂತ ಸೋಮವಾರ ಬೆಂಗಳೂರಿನ ಆಫೀಸಿಗೆ ವಾಪಸ್ಸಾಗ್ತೀವಲ್ಲ (ಹಳ್ಳಿಯಲ್ಲೇ ಬೆಳೆದ ನಾನೂ ಸೇರಿ), ಆ ಮನೆ ನಮಗೆ ಅರ್ಧ ಮಾತ್ರ ಹೇಳಿರುತ್ತೆ. ಪಕ್ಕದಲ್ಲೊಂದು ಬಿಡಾರ ಕಟ್ಟಬಾರದೇಕೆ? ಹೊಸದಾಗಿ ಕಟ್ಟಿದ್ದು ನಕಲಿ ಅಂತೀರಾ? ಕವಿಮನೆಯೂ ಜೀರ್ಣೋದ್ಧಾರ ಆದದ್ದೇ ಅಲ್ವಾ?