ಹೋಮ್‌ವರ್ಕ್ ತಿದ್ದೋರು ಯಾರು?

"ನೀನು ಕೆಲಸ ಮಾಡಿದ್ದೀಯ ಅನ್ನೋದಕ್ಕೆ ಪುರಾವೆ ತೋರಿಸು" ಅಂತ ಇನ್ನೊಬ್ಬರನ್ನ ಕೇಳೋ ಹಕ್ಕು ಯಾರಿಗಿದೆ? ಟೀಚರ್ ಮಕ್ಕಳನ್ನ ಕೇಳ್ತಾರೆ, ಅದಕ್ಕೆ ಹೋಮ್‌ವರ್ಕ್ ಅಂತ ಹೆಸರು. ಸರ್ಕಾರ ಟೀಚರನ್ನ ಕೇಳುತ್ತೆ, ಅದಕ್ಕೆ ಅರ್ಹತಾ ಪರೀಕ್ಷೆ ಅಂತ ಹೆಸರು. ನಮ್ಮಂಥ ಐಟಿ ಮಂದಿಯನ್ನ ಕಂಪನಿ ಕೇಳುತ್ತೆ, ಅದಕ್ಕೆ ಸರ್ಟಿಫಿಕೇಶನ್ ಅಂತ ಹೆಸರು. ಮೇಲ್ನೋಟಕ್ಕೆ ಮೂರೂ ಬೇರೆ ಬೇರೆ. ಆದರೆ ನಮ್ಮಕ್ಕನ ಕಷ್ಟ ಕೇಳ್ತಾ ಕೇಳ್ತಾ, ಮೂರರ ಒಳಗೂ ಇರೋದು ಒಂದೇ ಪ್ರಶ್ನೆ ಅನ್ನಿಸ್ತಿದೆ.

ಅಕ್ಕ ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡ್ತಾಳೆ. ಡಿ.ಎಡ್ ಮುಗಿಸಿ, ನೇಮಕಾತಿ ಪರೀಕ್ಷೆ ಬರೆದು, 2007ರಲ್ಲಿ ಕೆಲಸಕ್ಕೆ ಸೇರಿದವಳು. ಆಗ ಟಿಇಟಿ ಅನ್ನೋದೇ ಇರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ, 2010ರ ಆಗಸ್ಟ್‌ನಲ್ಲಿ ಎನ್‌ಸಿಟಿಇ ಅದನ್ನ ಕನಿಷ್ಠ ಅರ್ಹತೆಯೊಳಗೆ ಸೇರಿಸಿತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಕಾಯ್ದೆಗೆ ಮೊದಲೇ ಸೇರಿದ್ದರೂ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿ ಇರೋ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಇಲ್ಲದಿದ್ದರೆ ಕೆಲಸ ಬಿಡಬೇಕು. ಅಕ್ಕನಿಗೆ ಇನ್ನೂ ಹದಿನೆಂಟು ವರ್ಷ ಸರ್ವೀಸ್ ಇದೆ. ಅಂದರೆ ಓದಲೇಬೇಕು.

"ಹದಿನೆಂಟು ವರ್ಷ ಪಾಠ ಮಾಡಿದೀನಿ ಕಣೋ. ಈಗ ಬಂದು ನಿಂಗೆ ಪಾಠ ಮಾಡೋಕೆ ಬರುತ್ತಾ ಅಂತ ಕೇಳ್ತಿದಾರೆ" ಅಂದಳು.

ತಮ್ಮನಾಗಿ ಅವಳ ಪರ ಮಾತಾಡೋದು ಸುಲಭ. ಆದರೆ ಇನ್ನೊಂದು ಕಡೆಯ ಮಾತೂ ಹಗುರವಾದದ್ದಲ್ಲ. ಹಳ್ಳಿ ಮಗುವಿಗೆ ಶಾಲೆ ಆರಿಸಿಕೊಳ್ಳೋ ಅವಕಾಶ ಎಲ್ಲಿದೆ? ಬೆಂಗಳೂರಿನಲ್ಲಿ ಟೀಚರ್ ಸರಿಯಿಲ್ಲ ಅಂದರೆ ನಾವು ಟ್ಯೂಷನ್ ಹಾಕಿಸ್ತೀವಿ, ಶಾಲೆನೇ ಬದಲಾಯಿಸ್ತೀವಿ. ಅಕ್ಷರ ಗೊತ್ತಿಲ್ಲದ ಅಪ್ಪ ಅಮ್ಮ ಟೀಚರ್ ಒಳ್ಳೆಯವರಾ ಅಲ್ಲವಾ ಅಂತ ಹೇಗೆ ಅಳೀತಾರೆ? ಅವರ ಪರವಾಗಿ ಯಾರೋ ಒಬ್ಬರು ಅಳೆದು ಕೊಟ್ಟಿರಬೇಕು. ಪರೀಕ್ಷೆ ಅನ್ನೋದು ವಶೀಲಿ ಇಲ್ಲದವರ ಶಿಫಾರಸು ಪತ್ರ. ನನಗೆ ಬಿಇ ಸೀಟು ಸಿಕ್ಕಿದ್ದು ಸಿಇಟಿ ರ‍್ಯಾಂಕಿನಿಂದ. ನಮ್ಮಪ್ಪನಿಗೆ ಬೆಂಗಳೂರಿನಲ್ಲಿ ಪರಿಚಯದವರು ಅಂತ ಒಬ್ಬರೂ ಇರಲಿಲ್ಲ. ಹಾಗಾಗಿ ಪರೀಕ್ಷೆಗಳನ್ನೆಲ್ಲ ಕಿತ್ತು ಹಾಕಿ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ.

ಪುರಾವೆ ಕೇಳೋದು ತಪ್ಪಲ್ಲ. ನನ್ನ ತಕರಾರು ಇರೋದು ಪುರಾವೆ ಕೇಳಿದವರ ಹೊಣೆ ಬಗ್ಗೆ. ಬಾಗಿಲಲ್ಲಿ ನಿಂತವರನ್ನ ಪರೀಕ್ಷೆಯಿಂದ ಅಳೆಯಬಹುದು, ಯಾಕಂದರೆ ಅವರ ಬಗ್ಗೆ ನಮಗೆ ಬೇರೇನೂ ಗೊತ್ತಿರಲ್ಲ. ಹದಿನೆಂಟು ವರ್ಷ ಒಳಗಿದ್ದವರ ಪುರಾವೆ ಅವರ ಕ್ಲಾಸಿನಲ್ಲೇ ಬಿದ್ದಿರುತ್ತೆ. ಅಷ್ಟು ವರ್ಷದಲ್ಲಿ ಅವಳ ಪಾಠದ ನಡುವೆ ಬಂದು ಪೂರ್ತಿ ಒಂದು ಪೀರಿಯಡ್ ಕೂತು ನೋಡಿದವರು ಎಷ್ಟು ಜನ ಅಂತ ಕೇಳಿದೆ. ಅಕ್ಕ ಬೆರಳು ಮಡಚಿದಳು. ಒಂದು ಕೈ ಸಾಕಾಯ್ತು. ಬಂದವರಲ್ಲಿ ಹೆಚ್ಚಿನವರು ನೋಡಿದ್ದು ಹಾಜರಾತಿ, ಬಿಸಿಯೂಟದ ರಿಜಿಸ್ಟರು, ಮೊಟ್ಟೆ ಲೆಕ್ಕ.

ಅದೇ ಕಾಯ್ದೆಯ 23ನೇ ಸೆಕ್ಷನ್ ಶಿಕ್ಷಕರಿಗೆ ಅರ್ಹತೆ ಇರಬೇಕು ಅನ್ನುತ್ತೆ. 27ನೇ ಸೆಕ್ಷನ್, ಹತ್ತು ವರ್ಷಕ್ಕೊಮ್ಮೆ ಬರೋ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಅವರನ್ನ ಹಚ್ಚಬಾರದು ಅನ್ನುತ್ತೆ. ಅದೇ 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಶಿಕ್ಷಕರು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಅಂತ ಮನೆ ಮನೆ ಸುತ್ತುತ್ತಿದ್ದರು. ಅದಕ್ಕಾಗಿ ದಸರಾ ರಜೆಯನ್ನೂ ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಸಮೀಕ್ಷೆ ಬೇಕೋ ಬೇಡವೋ ಅನ್ನೋದು ಬೇರೆ ಚರ್ಚೆ. ಒಂದೇ ಕಾಯ್ದೆಯ ಒಂದು ಸೆಕ್ಷನ್ ಕಬ್ಬಿಣ, ಇನ್ನೊಂದು ಸೆಕ್ಷನ್ ಬೆಣ್ಣೆ ಆಗಬಾರದು ಅಷ್ಟೇ.

ಈಗ ಹೋಮ್‌ವರ್ಕಿಗೆ ಬನ್ನಿ. ಅಕ್ಕನ ಇನ್ನೊಂದು ಗೋಳು ಅದು. ಅರ್ಧ ಮಕ್ಕಳು ಮಾಡ್ಕೊಂಡು ಬರಲ್ಲ. ಮಾಡಿದವರಲ್ಲಿ ಅರ್ಧ ಜನ ಗೈಡ್ ನೋಡಿ ಇಳಿಸಿರ್ತಾರೆ, ಉಳಿದವರು ಆ ಅರ್ಧ ಜನರನ್ನ ನೋಡಿ ಇಳಿಸಿರ್ತಾರೆ. ಬೈದು ನೋಡಿದಾಳೆ, ಸ್ಟಾರ್ ಅಂಟಿಸಿ ನೋಡಿದಾಳೆ. ಸ್ಟಾರ್ ಎರಡು ವಾರ ನಡೀತು. ಆಮೇಲೆ ಮಕ್ಕಳು, "ಟೀಚರ್, ಇದಕ್ಕೆ ಸ್ಟಾರ್ ಕೊಡ್ತೀರಾ?" ಅಂತ ಮೊದಲೇ ಕೇಳೋಕೆ ಶುರು ಮಾಡಿದರು. ಇಲ್ಲ ಅಂದರೆ ಪುಸ್ತಕ ತೆಗೆಯಲ್ಲ.

ಇದು ಬರೀ ಅಕ್ಕನ ಕ್ಲಾಸಿನ ಕತೆ ಅಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮನೋವಿಜ್ಞಾನಿಗಳು, ಚಿತ್ರ ಬಿಡಿಸೋದು ಅಂದರೆ ಇಷ್ಟ ಇದ್ದ ಅಮೆರಿಕದ ಶಿಶುವಿಹಾರದ ಮಕ್ಕಳ ಮೇಲೆ ಮಾಡಿದ ಪ್ರಯೋಗ ಒಂದಿದೆ. ಕೆಲವರಿಗೆ, ಬಿಡಿಸಿದರೆ ರಿಬ್ಬನ್ ಹಾಕಿದ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಆಮೇಲೆ ತಮ್ಮ ಪಾಡಿಗೆ ಆಡೋಕೆ ಬಿಟ್ಟಾಗ, ಸರ್ಟಿಫಿಕೇಟ್ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಇಷ್ಟಪಟ್ಟು ಮಾಡ್ತಿದ್ದ ಆಟ ಅವರಿಗೆ ಕೆಲಸ ಆಗಿತ್ತು.

ಹಾಗಾದರೆ ಮಕ್ಕಳು ಯಾವಾಗ ಮಾಡ್ತಾರೆ? ಒಂದು ಸಲ ಸರಾಸರಿ ಪಾಠಕ್ಕೆ ಅಕ್ಕ ಗೈಡಿನಲ್ಲಿಲ್ಲದ ಹೋಮ್‌ವರ್ಕ್ ಕೊಟ್ಟಳು. ಡೈರಿಗೆ ಹಾಲು ಹಾಕೋ ಮನೆಯವರು ಪಾಸ್‌ಬುಕ್ ನೋಡಿ ಒಂದು ವಾರದ ಹಾಲಿನ ಸರಾಸರಿ ತೆಗೀಬೇಕು. ಹಸು ಎಮ್ಮೆ ಇಲ್ಲದವರು ಮನೆಯವರ ಕೂಲಿಯ ಸರಾಸರಿ. ಹೋಮ್‌ವರ್ಕ್ ಅನ್ನೋ ಪದದಲ್ಲಿ ಮೊದಲು ಬರೋದು ಮನೆ ತಾನೇ. ಅವತ್ತು ಮಾಡದೆ ಬಂದವರು ಮೂರೇ ಜನ. ಒಬ್ಬ ಹುಡುಗಿ ಎದ್ದು ನಿಂತು, "ಅಮ್ಮಂಗೆ ಕೆಲಸ ಸಿಗದೇ ಇದ್ದ ಎರಡು ದಿನನೂ ಸೇರಿಸ್ಬೇಕಾ ಟೀಚರ್?" ಅಂತ ಕೇಳಿದಳಂತೆ. ಐದು ದಿನ 400 ರೂಪಾಯಿಯಂತೆ 2000. ಐದರಿಂದ ಭಾಗಿಸಿದರೆ 400, ಏಳರಿಂದ ಭಾಗಿಸಿದರೆ ಸುಮಾರು 286. ಮನೆಯಲ್ಲಿ ಒಲೆ ಉರಿಯಬೇಕಾದ್ದು ಏಳೂ ದಿನ. ಇಡೀ ಪೀರಿಯಡ್ ಅದೇ ಚರ್ಚೆ ಆಯ್ತು. ಸರಾಸರಿ ಅಂದರೆ ಏನು ಅಂತ ಆ ಕ್ಲಾಸು ಇನ್ನು ಮರೆಯಲ್ಲ.

"ಹಾಗಾದ್ರೆ ದಿನಾ ಅಂಥದ್ದೇ ಕೊಡಕ್ಕ" ಅಂದೆ.

"ತಿದ್ದೋರು ಯಾರೋ? ಒಬ್ಬೊಬ್ಬರದೂ ಒಂದೊಂದು ಉತ್ತರ. ಕೂತು ಓದ್ಬೇಕು."

ಲೆಕ್ಕ ಹಾಕಿದೆವು. ಆರು, ಏಳನೇ ತರಗತಿ ಸೇರಿ 75 ಮಕ್ಕಳು. ಒಂದು ಪುಸ್ತಕಕ್ಕೆ ಎರಡೇ ನಿಮಿಷ ಅಂದರೂ 150 ನಿಮಿಷ. ತಮಾಷೆ ಅಂದರೆ ಟಿಇಟಿಯ 150 ಪ್ರಶ್ನೆಗೆ ಕೊಡೋ ಸಮಯವೂ 150 ನಿಮಿಷವೇ. ಅಷ್ಟು ಹೊತ್ತು ಅವಳ ದಿನದಲ್ಲಿಲ್ಲ. ಹಾಗಾಗಿ ಕೆಂಪು ಇಂಕಿನಲ್ಲಿ 'ಸೀನ್' ಅಂತ ಬರೆದು ಒಂದು ಸಹಿ ಬೀಳುತ್ತೆ. ಮಕ್ಕಳು ದಡ್ಡರಲ್ಲ. ಓದದೇ ಸಹಿ ಹಾಕೋರಿಗೆ ಯೋಚಿಸದೇ ಬರೆದು ಕೊಟ್ಟರೆ ಸಾಕು ಅನ್ನೋದನ್ನ ಬೇಗ ಕಲಿತಾರೆ.

ನಾವೇನು ಬೇರೆನಾ? ಕಂಪನಿಯ ಕಡ್ಡಾಯ ಟ್ರೈನಿಂಗ್ ವಿಡಿಯೋವನ್ನ ಎರಡರಷ್ಟು ವೇಗದಲ್ಲಿ ಓಡಿಸಿ, ಕೊನೆಯ ಹತ್ತು ಪ್ರಶ್ನೆಗೆ ಟಿಕ್ ಹಾಕದವರು ಯಾರಿದ್ದೀರಿ ಕೈ ಎತ್ತಿ. ಕ್ಲೌಡ್ ಸರ್ಟಿಫಿಕೇಶನ್‌ಗೆ ಹಳೆ ಪ್ರಶ್ನೆಗಳ ಡಂಪ್ ಉರು ಹೊಡೆಯೋದೂ ಗೈಡ್ ನೋಡಿ ಇಳಿಸೋದೂ ಅಣ್ಣ ತಮ್ಮ. ಆದರೆ ಕೋಡ್ ರಿವ್ಯೂ ಮಾಡೋ ಸೀನಿಯರ್, "ಈ ಲೂಪ್ ಯಾಕೆ ಹೀಗೆ ಬರೆದೆ?" ಅಂತ ನಿಜವಾಗಿ ಓದಿ ಕೇಳಿದರೆ, ಮುಂದಿನ ಸಲ ಕಳಿಸೋ ಮೊದಲು ನಾವೇ ಎರಡು ಸಲ ನೋಡ್ತೀವಿ. ಹೆದರಿಕೆಗಲ್ಲ. ಓದೋರು ಒಬ್ಬರಿದ್ದಾರೆ ಅಂತ.

ನನಗೆ ಸಿಕ್ಕ ಉತ್ತರ ಇಷ್ಟು: ಪುರಾವೆ ಕೇಳೋ ಹಕ್ಕು ಇರೋದು ಅದನ್ನ ಓದೋ ಹೊಣೆ ಹೊತ್ತವರಿಗೆ ಮಾತ್ರ. ಓದದೇ ಕೇಳಿದರೆ ಅದು ವಿಧೇಯತೆಯ ಪರೀಕ್ಷೆ ಆಗುತ್ತೆ, ಕೆಲಸದ ಪರೀಕ್ಷೆ ಅಲ್ಲ. ಟಿಇಟಿ ಇರಲಿ, ಜೊತೆಗೆ ವರ್ಷಕ್ಕೆರಡು ದಿನ ವಿಷಯ ಗೊತ್ತಿರೋ ಒಬ್ಬರು ಬಂದು ಹಿಂದಿನ ಬೆಂಚಲ್ಲಿ ಕೂರಲಿ. ಹೋಮ್‌ವರ್ಕ್ ಇರಲಿ, ಟೀಚರ್‌ಗೆ ಅದನ್ನ ಓದೋಷ್ಟು ಹೊತ್ತೂ ಇರಲಿ. ಇವತ್ತು ರಾತ್ರಿ ನಿಮ್ಮ ಮಗಳ ಪುಸ್ತಕಕ್ಕೆ ಸಹಿ ಹಾಕೋ ಮುಂಚೆ, ನಾಳೆ ನಿಮ್ಮ ಜೂನಿಯರ್ ಕೋಡಿಗೆ ಓಕೆ ಒತ್ತೋ ಮುಂಚೆ, ಒಂದು ಪ್ರಶ್ನೆ ಕೇಳಿ.

ಅಕ್ಕ ಈಗ ಮಕ್ಕಳ ಮನೋವಿಜ್ಞಾನದ ಗೈಡ್ ಹಿಡಿದು ಕೂತಿದಾಳೆ. ಅದರಲ್ಲೇ 30 ಅಂಕ. ಮಕ್ಕಳು ಯಾಕೆ ಕಲೀತಾರೆ ಅನ್ನೋದಕ್ಕೆ ನಾಲ್ಕು ಆಯ್ಕೆ ಕೊಟ್ಟಿರ್ತಾರೆ. ಅವಳು ಪಾಸಾಗ್ತಾಳೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಅಲ್ಲಿವರೆಗೆ ಆ 75 ಪುಸ್ತಕದಲ್ಲಿ 'ಸೀನ್' ಅಂತ ಬೀಳ್ತಾ ಇರುತ್ತೆ.